ಮನೆಯಲ್ಲಿ ಕರೆಯುವ ಹೆಸರು

ಪೂಜ್ಯ ರೆಬ್ ಎಲ್ಯಾಕಿಮರು ವಾಸವಾಗಿದ್ದದ್ದು ಊರ ಸ್ನಾನದ ಮನೆಯ ಹಿಂಬದಿಯ ಒಂದೇ ಒಂದು ಕೋಣೆಯಲ್ಲಿ. ಅವರ ಕೀರ್ತಿ ಕೇಳಿ ದೂರದಿಂದ ಬಂದವರು ಹೊಗೆಗೂಡನ್ನೂ ಒದ್ದೆ ಸೌದೆಯ ರಾಶಿಯನ್ನೂ ನೋಡಿ, ದಾರಿ ತಪ್ಪಿತೆಂದುಕೊಂಡು ವಾಪಸು ಹೋದದ್ದೂ ಉಂಟು. ಅಂಥವರ ಬಗ್ಗೆ ನನಗೆ ಕನಿಕರವಿಲ್ಲ. ಸಂತರನ್ನು ಹುಡುಕಿಕೊಂಡು ಹೋದವರು ಬಾಗಿಲು ತಟ್ಟಿಯಾದರೂ ನೋಡಬೇಡವೇ?

ಊರಿನ ಹೆಸರು ದ್ವುರೇಚ್. ಆ ಸೀಮೆಯ ಮಾತಿನಲ್ಲಿ ಎರಡು ಹೊಳೆ ಎಂದರ್ಥ. ಯುರೋಪಿನ ಪೂರ್ವಕ್ಕೆ, ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ನಾಡು. ಕಾಡಿನ ಕಡೆಯಿಂದ ಚೋರ್ನ ಎಂಬ ಕರಿಹೊಳೆ, ಸುಣ್ಣಕಲ್ಲಿನ ಗುಡ್ಡದ ಕಡೆಯಿಂದ ಬೇಲ ಎಂಬ ಬಿಳಿಹೊಳೆ ಇಳಿದು ಬಂದು ಸೇತುವೆಯ ಬಳಿ ಸೇರುತ್ತಿದ್ದವು. ಅಲ್ಲಿ ಯೆಹೂದ್ಯರದು ನೂರಿಪ್ಪತ್ತು ಮನೆ. ಅಷ್ಟು ಜನಕ್ಕೂ ಎಲ್ಯಾಕಿಮರೇ ಗುರುಗಳು, ಅವರೇ ಲಿಪಿಕಾರರು. ರೆಬ್ ಎಂಬುದು ಆ ಜನ ಹಿರಿಯರ ಹೆಸರಿನ ಮುಂದಿಡುವ ಗೌರವದ ಮಾತು. ಧರ್ಮಗ್ರಂಥವನ್ನು ಚರ್ಮದ ಹಾಳೆಯ ಮೇಲೆ ಗರಿಯಿಂದ ಬರೆಯುವುದು ಪೂಜ್ಯರ ಕಾಯಕ. ಮಾಚಿಕಾಯಿ ಜಜ್ಜಿ, ಅನ್ನಭೇದಿ ಹಾಕಿ, ಗೋಂದು ಬೆರೆಸಿ ಮಸಿಯನ್ನು ತಾವೇ ಕಾಯಿಸುತ್ತಿದ್ದರು. ಅವರ ಬೆರಳುಗಳು ಯಾವಾಗಲೂ ಕಪ್ಪು.

ಅವರಿಗೊಂದು ಅಭ್ಯಾಸವಿತ್ತು. ನೀರು ಕುಡಿಯುವ ಮೊದಲು, ಗರಿಯನ್ನು ಮಸಿಯಲ್ಲಿ ಅದ್ದುವ ಮೊದಲು, ಕೊನೆಗೆ ಬೂಟಿನ ದಾರ ಕಟ್ಟುವ ಮೊದಲೂ ಸಹ ಮೆಲ್ಲಗೆ ಒಂದು ಮಾತು ಹೇಳುತ್ತಿದ್ದರು: "ಪರಮಪವಿತ್ರನೂ ಅವನ ಸನ್ನಿಧಿಯೂ ಒಂದಾಗಲೆಂದು ಇದನ್ನು ಮಾಡುತ್ತೇನೆ."

ಇದೇನೆಂದು ಹೇಳಿಬಿಡುತ್ತೇನೆ. ಯೆಹೂದ್ಯ ಅನುಭಾವಿಗಳು ಕಂಡಂತೆ ಭಗವಂತನಿಗೆ ಬಲಗೈಯೊಂದು, ಎಡಗೈಯೊಂದು. ಬಲಗೈ ದಯೆ, ಅದು ಕೊಡುತ್ತಲೇ ಇರುತ್ತದೆ. ಎಡಗೈ ನಿಗ್ರಹ, ಅದು ತಡೆದು ಹಿಡಿಯುತ್ತದೆ. ಒಂದೇ ಇದ್ದರೆ ಲೋಕ ಕೊಚ್ಚಿಹೋದೀತು, ಇನ್ನೊಂದೇ ಇದ್ದರೆ ಉಸಿರುಕಟ್ಟೀತು. ಇನ್ನು ಸನ್ನಿಧಿ ಎಂದರೆ ಶೆಖಿನಾ, ನಮ್ಮೊಂದಿಗೆ ಈ ಮಣ್ಣಿನಲ್ಲಿ ನೆಲೆಸಿರುವ ತಾಯಿ. ಮಕ್ಕಳು ಊರು ಕಳೆದುಕೊಂಡು ದೇಶಾಂತರ ಹೋದಾಗ ಆಕೆಯೂ ಅವರ ಹಿಂದೆಯೇ ಹೊರಟುಬಿಟ್ಟಳಂತೆ. ಅವನು ಮೇಲೆ, ಆಕೆ ಇಲ್ಲಿ. ಲೋಕದ ಹಂಬಲವೆಲ್ಲ ಆ ಅಗಲಿಕೆಯದೇ ಎಂದು ಅವರು ನಂಬುತ್ತಾರೆ. ನಮ್ಮವರು ಇದನ್ನು ಕೇಳಿದ ಕೂಡಲೇ ಓಹೋ ನಮ್ಮ ಶಿವಶಕ್ತಿಯೇ ಎಂದು ತಲೆಯಾಡಿಸುತ್ತಾರೆ. ಸ್ವಲ್ಪ ತಾಳಿ. ಅವರ ಮಾತನ್ನು ಅವರ ಬಾಯಲ್ಲೇ ಕೇಳೋಣ.

ಸ್ನಾನದ ಮನೆ ನೋಡಿಕೊಳ್ಳುತ್ತಿದ್ದವನು ಯೋಯ್ನೆ. ಐವತ್ತು ದಾಟಿದವನು, ಒಳ್ಳೆಯ ಮನುಷ್ಯನೇ, ಆದರೆ ನಾಲಿಗೆಗೆ ಲಂಗುಲಗಾಮಿಲ್ಲ. ಗುರುಗಳ ಕೋಣೆಯ ಗೋಡೆಯಾಚೆಗೇ ಅವನ ಒಲೆ. ದಿನಕ್ಕೆ ನೂರು ಸಲ ಆ ಮಾತು ಅವನ ಕಿವಿಗೆ ಬೀಳುತ್ತಿತ್ತು. ಒಂದು ದಿನ ತಡೆಯಲಾರದೆ ಒಳಗೆ ಬಂದು ಕೇಳಿಯೇಬಿಟ್ಟ.

"ಗುರುಗಳೇ, ಬಿಸಿನೀರಿಗೆ ತಣ್ಣೀರು ಬೆರೆಸ್ತಾ ಮೂವತ್ತು ವರ್ಷ ಆಯ್ತು ನನಗೆ. ಎರಡೂ ಒಂದಾದ್ರೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು. ಉಗುರುಬೆಚ್ಚಗಾಗುತ್ತೆ. ಬಿಸಿಯ ಸುಖಾನೂ ಇಲ್ಲ, ತಣ್ಣಗಿನ ಸುಖಾನೂ ಇಲ್ಲ. ದೇವರೂ ಹಾಗೆ ಉಗುರುಬೆಚ್ಚಗಾಗಲಿ ಅಂತಲಾ ನಿಮ್ಮ ಪ್ರಾರ್ಥನೆ?"

ಎಲ್ಯಾಕಿಮರು ಮನಸಾರೆ ನಕ್ಕರು.

"ಯೋಯ್ನೆ, ನಮ್ಮ ಪವಿತ್ರ ಭಾಷೆಯಲ್ಲಿ ಬೆಂಕಿಗೆ ಏನನ್ನುತ್ತಾರೆ?"

"ಎಶ್."

"ನೀರಿಗೆ?"

"ಮಾಯಿಂ."

"ಎರಡನ್ನೂ ಸೇರಿಸಿ ಹೇಳು."

ಯೋಯ್ನೆಯ ತುಟಿ ಅಲ್ಲಾಡಿತು. ಎಶ್, ಮಾಯಿಂ. ಶಮಾಯಿಂ. ಅವರ ಭಾಷೆಯಲ್ಲಿ ಆಕಾಶಕ್ಕೆ ಅದೇ ಹೆಸರು.

"ಆಕಾಶ ಉಗುರುಬೆಚ್ಚಗಿದೆಯೇನಪ್ಪ?" ಎಂದರು ಪೂಜ್ಯರು. "ಅಲ್ಲಿ ಬೆಂಕಿ ಬೆಂಕಿಯಾಗಿಯೇ ಇದೆ, ನೀರು ನೀರಾಗಿಯೇ ಇದೆ."

"ಅಕ್ಷರದಲ್ಲಿ ಸೇರಿಸೋದು ಸುಲಭ ಗುರುಗಳೇ. ನನ್ನ ಒಲೆಗೆ ಒಂದು ಬಿಂದಿಗೆ ನೀರು ಹೊಯ್ದು ನೋಡಿ, ಆಮೇಲೆ ಹೇಳಿ" ಎಂದು ಗೊಣಗುತ್ತ ಅವನು ಸೌದೆ ಒಟ್ಟಲು ಹೋದ. ಅವನಿಗೆ ಆ ಉತ್ತರ ಹಿಡಿಸಲಿಲ್ಲ.

ಆ ವರ್ಷದ ಶರತ್ಕಾಲ. ಹಿಮ ಇನ್ನೂ ಬಿದ್ದಿರಲಿಲ್ಲ. ಸೋಮವಾರ ಮಧ್ಯಾಹ್ನ ಫೈವಿಶ್ ಎಂಬವನು ಗುರುಗಳ ಬಾಗಿಲು ತಟ್ಟಿದ. ಊರಿಗೆಲ್ಲ ಬೀಗ ಮಾಡಿಕೊಡುವ ಕಮ್ಮಾರ. ಎತ್ತರದ ಆಳು, ಮಾತು ಕಡಿಮೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಕೀಲಿ. ಬಂದವನು ಕೂತುಕೊಳ್ಳಲೂ ಇಲ್ಲ.

"ಗುರುಗಳೇ, ನನಗೆ ಪತ್ರ ಬರೆದುಕೊಡಿ. ಪೆಸ್ಯಾಳಿಗೆ."

ಪೆಸ್ಯಾ ಅವನ ಹೆಂಡತಿ. ಪತ್ರವೆಂದರೆ ವಿಚ್ಛೇದನದ ಪತ್ರ. ಹನ್ನೆರಡು ಸಾಲು, ಹೆಚ್ಚಿಲ್ಲ ಕಡಿಮೆಯಿಲ್ಲ. ಗಂಡ ಅದನ್ನು ಹೆಂಡತಿಯ ಕೈಯಲ್ಲಿಟ್ಟರೆ ಮುಗಿಯಿತು, ಸಂಬಂಧ ಹರಿಯಿತು. ಶಾಸ್ತ್ರದಲ್ಲಿ ಅದಕ್ಕೆ ಕತ್ತರಿಸುವ ಪತ್ರ ಎಂದೇ ಹೆಸರು.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಯಾಕಿಮರು ಇಂಥ ಪತ್ರ ಬರೆಯಲಾರೆನೆಂದು ಹಟ ಹಿಡಿಯುವವರಲ್ಲ. ಹಿಂದಿನ ವರ್ಷ ಒಬ್ಬ ಹೆಣ್ಣುಮಗಳು ಮುಖವೆಲ್ಲ ಬಾತುಕೊಂಡು ಬಂದು ನಿಂತಾಗ, ಅವಳ ಗಂಡನನ್ನು ಕರೆಸಿ, ಅರ್ಧ ಬೆಳಗಿನಲ್ಲಿ ಪತ್ರ ಮುಗಿಸಿ ಅವಳ ಕೈಗೆ ಕೊಡಿಸಿದ್ದರು. ಅಂದು ಗರಿ ಅದ್ದುವಾಗಲೂ ಅದೇ ಮಾತು: ಒಂದಾಗಲೆಂದು ಇದನ್ನು ಮಾಡುತ್ತೇನೆ. ಒಂದಾಗಲಿ ಎಂದು ಹೇಳಿಕೊಂಡು ಕತ್ತರಿಸುವುದು ಹೇಗೆ ಎಂದು ಸಾಕ್ಷಿಗೆ ಬಂದಿದ್ದ ಯೋಯ್ನೆ ಕೇಳಿದ್ದ. "ಕೊಳೆತ ಬೆರಳನ್ನು ಕತ್ತರಿಸುವ ವೈದ್ಯ ಕೈ ಉಳಿಯಲೆಂದೇ ಕತ್ತರಿಸುತ್ತಾನೆ" ಎಂದಿದ್ದರು.

ಈಗ ಫೈವಿಶನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಏನಾಯಿತಪ್ಪ?"

ಫೈವಿಶ್ ಗೋಡೆಯ ಕಡೆ ನೋಡುತ್ತ ಹೇಳಿದ. ಅವರಿಗೆ ಒಬ್ಬಳೇ ಮಗಳಿದ್ದಳು, ಮಿರ್ಲಾ. ಮೂರು ವರ್ಷದ ಹಿಂದೆ ಗಂಟಲಮಾರಿಯಲ್ಲಿ ಹೋದಳು. ಆರು ವರ್ಷದ ಮಗು. ಅವಳ ಬಟ್ಟೆಬರೆಗಳನ್ನೆಲ್ಲ ಅವನು ಒಂದು ಪೆಟ್ಟಿಗೆಯಲ್ಲಿಟ್ಟು, ತಾನು ಮಾಡಿದ ಬೀಗಗಳಲ್ಲೆಲ್ಲ ಗಟ್ಟಿಯಾದದ್ದನ್ನು ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡ. ಅಂದಿನಿಂದ ಪೆಟ್ಟಿಗೆ ತೆರೆದಿರಲಿಲ್ಲ. ಪೆಸ್ಯಾ ಹಾಗಲ್ಲ. ಮಗು ಹೋದ ಮೇಲೆ ಅವಳ ಕೈ ಬಿಗಿ ಹಿಡಿಯುವುದನ್ನೇ ಮರೆಯಿತು. ಬಾಗಿಲಿಗೆ ಬಂದವರಿಗೆಲ್ಲ ಊಟ, ದಾರಿಹೋಕರಿಗೆಲ್ಲ ಹಾಸಿಗೆ. ಮನೆಯಲ್ಲಿ ಎರಡು ತಟ್ಟೆ ಉಳಿದಿದ್ದರೆ ಅದೇ ಹೆಚ್ಚು.

"ಕಳೆದ ಶುಕ್ರವಾರ ಸ್ನಾನಕ್ಕೆ ಬಂದಾಗ ಕೀಲಿ ಬಿಚ್ಚಿ ಮನೆಯಲ್ಲೇ ಇಟ್ಟಿದ್ದೆ. ಅಷ್ಟರಲ್ಲಿ ಅವಳು ಪೆಟ್ಟಿಗೆ ತೆಗೆದಿದ್ದಾಳೆ, ಗುರುಗಳೇ. ಮಿರ್ಲಾಳ ಚಳಿಗಾಲದ ಕೋಟು, ಕೆಂಪು ಕೋಟು, ಯಾರಿಗೋ ಕೊಟ್ಟಿದ್ದಾಳೆ. ನನಗೆ ಗೊತ್ತಿರಲಿಲ್ಲ. ಭಾನುವಾರ ಸಂತೆಬೀದಿಯಲ್ಲಿ ಹೋಗ್ತಿದ್ದೆ. ಮುಂದೆ..."

ಅವನು ಕೊರಳ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಮುಂದೆ ಒಂದು ಮಗು ಹೋಗ್ತಿತ್ತು. ಅದೇ ಕೋಟು. ಅಷ್ಟೇ ಎತ್ತರ. ನನಗೆ ಏನೂ ತೋಚಲಿಲ್ಲ. ಮಿರ್ಲಾ ಅಂತ ಕೂಗಿಕೊಂಡು ಓಡಿದೆ. ಭುಜ ಹಿಡಿದು ತಿರುಗಿಸಿದೆ. ಯಾರದೋ ಮಗು, ಹೆದರಿ ಅಳೋಕೆ ಶುರುಮಾಡ್ತು. ಬೀದಿಯಲ್ಲಿದ್ದವರೆಲ್ಲ ನೋಡಿದರು. ನಮ್ಮ ಮನೆಯೊಳಗೇ ಕಳ್ಳತನ ಮಾಡಿದ ಹೆಂಗಸಿನ ಜೊತೆ ನಾನು ಬಾಳಲಾರೆ. ಬರೆದುಕೊಡಿ."

ತಾನೇ ಕೂಗಿದ ಹೆಸರು ಓಗೊಡುವವರಿಲ್ಲದೆ ತನಗೇ ವಾಪಸು ಬರುವುದು ಯಾವ ಶತ್ರುವಿಗೂ ಬೇಡ.

"ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ" ಎಂದರು ಎಲ್ಯಾಕಿಮರು. ಬುದ್ಧಿಮಾತು ಹೇಳಲಿಲ್ಲ. ಅವನು ಅದಕ್ಕೆ ಸಿದ್ಧವಾಗಿಯೇ ಬಂದಿದ್ದ, ಉತ್ತರವನ್ನೂ ಕಟ್ಟಿಕೊಂಡಿದ್ದ. ಅದು ಬಾಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಫೈವಿಶ್ ಬರುವ ಮೊದಲು ಒಂದು ಕೆಲಸ ಮಾಡಿದ. ಹೆಂಡತಿ ಹೊರಗೆ ಕಾಲಿಟ್ಟ ಕೂಡಲೇ ಮನೆಯ ಬಾಗಿಲಿನ ಹಳೆಯ ಬೀಗ ಕಿತ್ತು ಹೊಸದನ್ನು ಕೂರಿಸಿದ. ಕೀಲಿ ಒಂದೇ ಮಾಡಿದ್ದ. ಸಂಜೆಗೆ ಅವಳು ಆ ಮನೆಯವಳಲ್ಲ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಪೆಸ್ಯಾ ಅಂಗಳದಲ್ಲಿ ನಿಂತು ಅವನು ತಿರುಪು ಬಿಗಿಯುವುದನ್ನು ನೋಡಿದಳು.

ಗುರುಗಳ ಕೋಣೆಯಲ್ಲಿ ಇಬ್ಬರು ಸಾಕ್ಷಿಗಳು ಕಾದಿದ್ದರು. ಒಬ್ಬ ರೊಟ್ಟಿ ಅಂಗಡಿಯವನು, ಇನ್ನೊಬ್ಬ ನಮ್ಮ ಯೋಯ್ನೆ. ಪದ್ಧತಿಯ ಪ್ರಕಾರ ಎಲ್ಯಾಕಿಮರು ತಮ್ಮ ಹಾಳೆ, ಗರಿ, ಮಸಿಯನ್ನು ಫೈವಿಶನಿಗೆ ದಾನವಾಗಿ ಕೊಟ್ಟರು. ಪತ್ರದ ಸಾಮಗ್ರಿ ಗಂಡನದೇ ಆಗಿರಬೇಕು. ಅವನು ಅವನ್ನು ಮರಳಿ ಅವರ ಕೈಗಿಟ್ಟು, ನನ್ನ ಪರವಾಗಿ ಬರೆಯಿರಿ ಎಂದ. ಅವರು ಹಾಳೆಯ ಮೇಲೆ ಮೊಂಡು ದಬ್ಬಳದಿಂದ ಹನ್ನೆರಡು ಗೆರೆ ಒತ್ತಿದರು. ಮಸಿಯಿಲ್ಲದ ಗೆರೆಗಳು, ಬೆಳಕಿಗೆ ಓರೆ ಮಾಡಿ ಹಿಡಿದರೆ ಮಾತ್ರ ಕಾಣುವಂಥವು. ಬರೆದು, ಸಾಕ್ಷಿ ಹಾಕಿ, ಎಲ್ಲ ಸೂರ್ಯ ಮುಳುಗುವ ಮೊದಲು ಮುಗಿಯಬೇಕು. ದಿನ ಬದಲಾದರೆ ಪತ್ರ ಕೆಟ್ಟಿತು.

"ಮೊದಲು ಊರು ಹೇಳಿ" ಎಂದರು.

"ದ್ವುರೇಚ್. ಚೋರ್ನ ಹೊಳೆಯ ಮೇಲೆ, ಬೇಲ ಹೊಳೆಯ ಮೇಲೆ ಇರುವ ಊರು" ಎಂದ ಫೈವಿಶ್. ಪತ್ರದಲ್ಲಿ ಊರಿನ ಹೊಳೆಗಳನ್ನೆಲ್ಲ ಹೆಸರಿಸಲೇಬೇಕು.

"ಇನ್ನು ಹೆಸರುಗಳು. ನೆನಪಿರಲಿ, ಒಬ್ಬ ಮನುಷ್ಯನನ್ನು ಯಾವ ಯಾವ ಹೆಸರಿನಿಂದ ಕರೆಯುತ್ತಾರೋ ಅಷ್ಟೂ ಇದರಲ್ಲಿ ಬರಬೇಕು. ಒಂದು ಬಿಟ್ಟುಹೋದರೂ ಪತ್ರ ಸುಳ್ಳು."

ಅದು ಆ ಜನರ ಕಟ್ಟುನಿಟ್ಟು. ದೇವಾಲಯದಲ್ಲಿ ಕರೆಯುವ ಹೆಸರು, ಸಂತೆಯಲ್ಲಿ ಕರೆಯುವ ಹೆಸರು, ಕಾಯಿಲೆ ಬಿದ್ದಾಗ ಇಟ್ಟ ಹೆಸರು, ಎಲ್ಲ ಬೇಕು. ಬರೆಯುವವನು ಆ ಹೆಸರನ್ನು ತನ್ನ ಕಿವಿಯಿಂದ ಕೇಳಿಯೇ ಅಕ್ಷರ ಕೂಡಿಸಬೇಕು. ಉಚ್ಚಾರ ತಪ್ಪಿದರೆ ಕಾಗುಣಿತ ತಪ್ಪಿತು.

"ದೇವಾಲಯದಲ್ಲಿ ಶ್ರಗಾ" ಎಂದ ಅವನು. ಶ್ರಗಾ ಎಂದರೆ ದೀಪ. "ಊರಿನವರು ಫೈವಿಶ್ ಅಂತಾರೆ. ಸಂತೆಯಲ್ಲಿ ಬೀಗದ ಫೈವಿಶ್."

"ಮನೆಯಲ್ಲಿ?"

ಅವನು ನೆಲದ ಕಡೆ ಕಣ್ಣಿಳಿಸಿದ.

"ಮನೆಯಲ್ಲಿ ನಿನ್ನ ಹೆಂಡತಿ ನಿನ್ನನ್ನು ಏನೆಂದು ಕರೆಯುತ್ತಾಳೆ?"

"ಕರೆಯೋದಿಲ್ಲ" ಎಂದ ಫೈವಿಶ್. "ಮೂರು ವರ್ಷ ಆಯ್ತು."

ಅದು ನಿಜವಾಗಿತ್ತು. ಆ ಮನೆಯಲ್ಲಿ ಒಬ್ಬರನ್ನೊಬ್ಬರು ಕರೆಯುವುದು ನಿಂತುಹೋಗಿತ್ತು. ಕೆಮ್ಮಿ ಕರೆಯುವುದು, ಪಾತ್ರೆ ಕುಟ್ಟಿ ಕರೆಯುವುದು, ಇಲ್ಲವೇ ಎದುರಿಗೆ ಬಂದು ನಿಲ್ಲುವುದು. ಊರಿನವರಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಮಾತಿಗೆ ಮಾತು ಹೊಸೆಯುತ್ತಿದ್ದ ಯೋಯ್ನೆ ಅಂದು ಮೊದಲ ಸಲ ತಲೆ ತಗ್ಗಿಸಿದ.

ಎಲ್ಯಾಕಿಮರು ಪೆಸ್ಯಾಳ ಕಡೆ ತಿರುಗಿದರು. ಆಕೆ ಬಾಗಿಲ ಪಕ್ಕದ ಮಣೆಯ ಮೇಲೆ ಶಾಲು ಬಿಗಿದುಕೊಂಡು ಕೂತಿದ್ದಳು.

"ತಾಯಿ, ಮೂರು ವರ್ಷದ ಹಿಂದೆ ಏನೆಂದು ಕರೆಯುತ್ತಿದ್ದೆ?"

ಆಕೆ ಬಾಯಿ ತೆರೆದಳು.

"ಬೇಡ" ಎಂದ ಫೈವಿಶ್. ದನಿ ಒರಟಾಯಿತು. "ಅದನ್ನು ಬಿಡಿ ಗುರುಗಳೇ. ಅದು ಹೆಸರಲ್ಲ."

"ಆ ಹೆಸರಿನಿಂದ ಕರೆದಾಗ ನೀನು ಓಗೊಡುತ್ತಿದ್ದೆಯಾ?"

"ಕೊಡ್ತಿದ್ದೆ."

"ಹಾಗಾದರೆ ಅದು ಹೆಸರೇ."

ಇಲ್ಲಿ ಒಬ್ಬ ಪಂಡಿತರು ಎದ್ದು ನಿಲ್ಲುತ್ತಾರೆಂದು ನನಗೆ ಗೊತ್ತು. ಗಂಡಹೆಂಡಿರು ಒಲೆಯ ಮುಂದೆ ಕರೆದುಕೊಳ್ಳುವುದನ್ನೆಲ್ಲ ಪತ್ರದಲ್ಲಿ ಬರೆಯಬೇಕೆಂಬ ನಿಯಮ ಎಲ್ಲಿದೆ ಎಂದು ಕೇಳುತ್ತಾರೆ. ಕೂತುಕೊಳ್ಳಿ ಸ್ವಾಮಿ. ಇರಲಿಕ್ಕಿಲ್ಲ. ನಿಯಮ ಎಲ್ಯಾಕಿಮರಿಗೆ ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ನಿಯಮದ ಬಾಗಿಲಲ್ಲೇ ನಿಂತು ಇನ್ನೂ ಒಳಗಿನದೊಂದನ್ನು ತಟ್ಟುತ್ತಿದ್ದರು.

ಪೂಜ್ಯರು ಗರಿಯನ್ನು ಕೈಗೆತ್ತಿಕೊಂಡರು. ಮಸಿಯ ಬಟ್ಟಲಿನ ಮೇಲೆ ಹಿಡಿದು ಎಂದಿನಂತೆ ಹೇಳಿದರು: "ಪರಮಪವಿತ್ರನೂ ಅವನ ಸನ್ನಿಧಿಯೂ ಒಂದಾಗಲೆಂದು ಇದನ್ನು ಮಾಡುತ್ತೇನೆ." ಅದ್ದಿದರು. ಹಾಳೆಯ ಮೇಲೆ ಕೈ ಇಟ್ಟು ಕಾದರು.

"ಕರೆ ತಾಯಿ. ಹೇಳಿದರೆ ಸಾಲದು. ಮನೆಯಲ್ಲಿ ಹೇಗೆ ಕರೆಯುತ್ತಿದ್ದೆಯೋ ಹಾಗೇ ಕರೆ. ಕಿವಿಗೆ ಬೀಳದೆ ನನಗೆ ಅಕ್ಷರ ತಿಳಿಯುವುದಿಲ್ಲ."

ಪೆಸ್ಯಾ ಎದ್ದು ನಿಂತಳು. ಶಾಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಡುಗೆಮನೆಯಿಂದ ಹಿತ್ತಲಿನ ಕುಲುಮೆಗೆ ಕೇಳಿಸಬೇಕಲ್ಲ, ಹಾಗೆ ಸ್ವಲ್ಪ ದನಿಯೆತ್ತಿ, ಕೊನೆಯಲ್ಲಿ ಎಳೆದು ಕರೆದಳು.

"ಮಿರ್ಲಾಳ ಅಪ್ಪಾ..."

"ಓ, ಬಂದೆ" ಎಂದ ಫೈವಿಶ್.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬೀಗ ಹಾಕುವ ಮೊದಲೇ ಮಾತು ಜಾರಿಬಿಟ್ಟಿತ್ತು. ಒಂದು ಹೆಜ್ಜೆಯನ್ನೂ ಮುಂದಿಟ್ಟಿದ್ದ. ಕುಲುಮೆಯಲ್ಲಿ ಸುತ್ತಿಗೆ ಇಳಿಸಿ ಊಟಕ್ಕೆ ಬರುವವನ ಹೆಜ್ಜೆ ಅದು. ಕೋಣೆಯ ನಡುವೆ ನಿಂತು, ತಾನು ಎಲ್ಲಿದ್ದೇನೆಂದು ನೋಡಿಕೊಂಡು, ಆ ದೊಡ್ಡ ಆಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಗೋಡೆಯಾಚೆ ಹಂಡೆಯ ನೀರು ಕುದಿಯುತ್ತಿತ್ತು.

ಪೆಸ್ಯಾ ಮಾತಾಡಿದಳು. ಗುರುಗಳನ್ನಲ್ಲ, ಗಂಡನನ್ನೇ ನೋಡಿ.

"ನೀವು ಪೆಟ್ಟಿಗೆ ತೆಗೆಯಲೇ ಇಲ್ಲ. ಅದಕ್ಕೆ ನಿಮಗೆ ಗೊತ್ತಿಲ್ಲ. ನುಸಿ ಹಿಡಿದಿತ್ತು. ಕೊರಳ ಪಟ್ಟಿ ಅರ್ಧ ತಿಂದುಹಾಕಿತ್ತು. ತೆಗೆಯೋ ಮೊದಲೇ ರಾತ್ರಿ ಮಲಗಿದರೆ ಅದು ತಿನ್ನೋ ಸದ್ದು ಕೇಳಿಸ್ತಿದೆ ಅನ್ನೋ ಹಾಗೆ ಆಗ್ತಿತ್ತು ನನಗೆ. ನನ್ನ ಮಗೂನ ಒಂದು ಸಲ ಮಣ್ಣು ತಿಂದಿದೆ. ಕೋಟನ್ನೂ ತಿನ್ನೋಕೆ ಬಿಡ್ಲಾ? ಪಟ್ಟಿ ಹೊಲಿದು ಸರಿಮಾಡಿ, ಚಳಿಯಲ್ಲಿ ನಡುಗ್ತಿದ್ದ ಮಗುಗೆ ತೊಡಿಸಿದೆ. ಒಳಗೆ ಬೆಚ್ಚಗೆ ಒಂದು ಜೀವ ಇರಲಿ ಅಂತ."

"ಅವಳ ವಾಸನೆ ಇತ್ತು ಅದರಲ್ಲಿ" ಎಂದ ಫೈವಿಶ್, ಕೈಗಳ ಮರೆಯಿಂದ. "ತೆಗೆದರೆ ಹೋಗಿಬಿಡುತ್ತೆ ಅಂತ... ಅದಕ್ಕೇ ತೆಗೀತಿರಲಿಲ್ಲ. ನನಗೂ ಆಸೆ ಇರಲಿಲ್ವಾ? ದಿನಾ ಕೀಲಿ ಮುಟ್ಟಿ ನೋಡ್ಕೋತಿದ್ದೆ."

"ನನಗೆ ಹೇಳಲಿಲ್ಲವಲ್ರೀ."

"ಏನಂತ ಕರೆದು ಹೇಳಲಿ ನಿನಗೆ?"

ಅವನು ಅವಳನ್ನು ಕರೆಯುತ್ತಿದ್ದದ್ದು ಮಿರ್ಲಾಳ ಅಮ್ಮ ಎಂದು. ಮಗುವಿನ ಜೊತೆಗೆ ಇಬ್ಬರ ಹೆಸರೂ ಮಣ್ಣಿಗೆ ಹೋಗಿತ್ತು. ಹುಟ್ಟಿದಾಗ ಇಟ್ಟ ಹೆಸರುಗಳಿಂದ ಒಬ್ಬರನ್ನೊಬ್ಬರು ಕರೆದುಕೊಂಡರೆ ಮಿರ್ಲಾ ಎಂಬವಳು ಇರಲೇ ಇಲ್ಲವೆಂದಂತೆ ಆಗುತ್ತಿತ್ತು. ಮಗುವಿನ ಹೆಸರು ಹಿಡಿದು ಕರೆದರೆ ಎದೆ ಒಡೆಯುತ್ತಿತ್ತು. ಅದಕ್ಕೇ ಇಬ್ಬರೂ ಮೂಕರಾದರು.

ಎಲ್ಯಾಕಿಮರು ಇನ್ನೂ ಗರಿ ಹಿಡಿದೇ ಕೂತಿದ್ದರು. ಅವರ ಗಡ್ಡ ಒದ್ದೆಯಾಗಿತ್ತು. ಆಗ ಅವರು ಆಡಿದ ಮಾತು ಇಷ್ಟೇ:

"ಬೀಗ ಹಾಕಿದ್ದು ಮಿರ್ಲಾಳಿಗಾಗಿ. ತೆಗೆದದ್ದೂ ಅವಳಿಗಾಗಿ. ಈಗ ನನ್ನ ಕೈಯಲ್ಲಿ ಕತ್ತರಿಸುವ ಪತ್ರವಿದೆ. ಅವಳ ಹೆಸರು ಬಿಟ್ಟರೆ ಪತ್ರ ಸುಳ್ಳಾಗುತ್ತದೆ. ಬರೆದರೆ ಅವಳು ನಿಮ್ಮಿಬ್ಬರ ಕೈ ಹಿಡಿದುಕೊಂಡು ಈ ಪತ್ರದ ಮಧ್ಯೆ ನಿಲ್ಲುತ್ತಾಳೆ. ಬರೆಯೆಂದರೆ ಬರೆಯುತ್ತೇನೆ. ನಾನು ಬರೀ ಲಿಪಿಕಾರ."

ಗರಿಯ ತುದಿಯಲ್ಲಿ ಮಸಿ ಒಣಗಿತು. ಅವರು ಮತ್ತೆ ಅದ್ದಿದರು. ಮತ್ತೆ ಒಣಗಿತು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಅವರಾಗಲಿ ಸಾಕ್ಷಿಗಳಾಗಲಿ ಅವಸರ ಮಾಡಲಿಲ್ಲ. ರೊಟ್ಟಿ ಅಂಗಡಿಯವನ ಹಿಟ್ಟು ಅಂದು ಹುಳಿಯಾಗಿ ಕೆಟ್ಟಿತಂತೆ. ಕೆಡಲಿ ಬಿಡಿ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಪೆಸ್ಯಾ ಎದ್ದು ಶಾಲು ಹೊದ್ದುಕೊಂಡು, ಗುರುಗಳಿಗೆ ತಲೆಬಾಗಿ, ಬಾಗಿಲ ಬಳಿ ನಿಂತಳು. ಹೋಗಲಿಲ್ಲ, ನಿಂತಳು. ಫೈವಿಶ್ ಒಮ್ಮೆ ಹಾಳೆಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಟೋಪಿ ತೆಗೆದುಕೊಂಡು ಅವಳ ಹಿಂದೆ ಹೊರಟ. ಬರೆಯಬೇಡಿ ಎಂದು ಬಾಯಿಬಿಟ್ಟು ಹೇಳುವುದು ಅವನಿಂದ ಆಗಲಿಲ್ಲ. ಎಲ್ಯಾಕಿಮರೂ ಕೇಳಲಿಲ್ಲ. ಗರಿಯನ್ನು ಒರೆಸಿ ಕೆಳಗಿಟ್ಟರು.

ಹಾಳೆ ಮೇಜಿನ ಮೇಲೇ ಉಳಿಯಿತು. ಶಾಸ್ತ್ರದ ಪ್ರಕಾರ ಅದು ಫೈವಿಶನ ಸೊತ್ತು. ಹಾಗಾಗಿ ಎಲ್ಯಾಕಿಮರು ತಮ್ಮ ಜೀವಮಾನದಲ್ಲಿ ಅದರ ಮೇಲೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಹಬ್ಬಕ್ಕೆ ಅವನು ಸಿಕ್ಕಾಗಲೆಲ್ಲ, "ನಿನ್ನ ಹಾಳೆ ತೆಗೆದುಕೊಂಡು ಹೋಗಪ್ಪ" ಎನ್ನುತ್ತಿದ್ದರು. "ಇರಲಿ ಗುರುಗಳೇ, ಅವಸರವೇನಿದೆ" ಎನ್ನುತ್ತಿದ್ದ ಅವನು.

ಆದರೆ ಆ ಸಂಜೆಯ ಮಾತು ಇನ್ನೂ ಮುಗಿದಿಲ್ಲ.

ಎಲ್ಲರೂ ಹೋದ ಮೇಲೆ ಯೋಯ್ನೆ ಒಲೆಯ ಬೂದಿ ತೆಗೆಯಲೆಂದು ಹಿಂದಕ್ಕೆ ಬಂದ. ಗೋಡೆಯಾಚೆಯಿಂದ ಗುರುಗಳ ದನಿ ಕೇಳಿಸಿತು. ಅದು ಎಂದಿನ ಮಾತಲ್ಲ. ಅವರು ಯಾರೊಂದಿಗೋ ಜಗಳವಾಡುತ್ತಿರುವಂತೆ, ಬೇಡಿಕೊಳ್ಳುತ್ತಿರುವಂತೆ ಕೇಳಿಸಿತು. ಯೋಯ್ನೆ ಕೈಯಲ್ಲಿ ಬೂದಿಯ ಮೊರ ಹಿಡಿದೇ ನಿಂತ.

"ಪ್ರಭುವೇ," ಎನ್ನುತ್ತಿದ್ದರು ಎಲ್ಯಾಕಿಮರು, "ನಿನ್ನ ಹೆಸರನ್ನು ನಾವು ಬಾಯಲ್ಲಿ ಆಡುವುದಿಲ್ಲ, ಹೇಗೆ ಕರೆಯಬೇಕೆಂದೇ ಮರೆತಿದ್ದೇವೆ. ಆದರೆ ಆಕೆ? ಆಕೆ ನಿನ್ನನ್ನು ಏನೆಂದು ಕರೆಯುತ್ತಿದ್ದಳು? ಇಂದು ನನಗೆ ತಿಳಿಯಿತು. ಇಷ್ಟು ವರ್ಷ ನಿಮ್ಮಿಬ್ಬರನ್ನು ಒಂದು ಮಾಡುತ್ತೇನೆಂದು ದಿನಕ್ಕೆ ನೂರು ಸಲ ಒದರುತ್ತಿದ್ದೆನಲ್ಲ, ನಾನೆಂಥ ದಡ್ಡ! ನಾವೇ ಆ ಹೆಸರು. ಇವರ ಅಪ್ಪಾ ಎಂದು ಆಕೆ ಕರೆಯಬೇಕು, ಇವರ ಅಮ್ಮಾ ಎಂದು ನೀನು ಕರೆಯಬೇಕು. ನಾವು ಕಾಣೆಯಾದೆವೆಂದು ನೀವಿಬ್ಬರೂ ಮೂಕರಾಗಿ ಕೂತಿದ್ದೀರಾ? ಇಲ್ಲಿದ್ದೇವೆ. ಹರಕು ಕೋಟು ತೊಟ್ಟುಕೊಂಡು ಬೀದಿಯಲ್ಲಿ ಇದ್ದೇವೆ. ಒಮ್ಮೆ, ನಮ್ಮ ಹೆಸರು ಹಿಡಿದು, ಒಬ್ಬರನ್ನೊಬ್ಬರು ಕರೆದುಕೊಳ್ಳಿ. ಒಂದೇ ಒಂದು ಸಲ."

ಆಮೇಲೆ ಅಳು ಮಾತ್ರ ಕೇಳಿಸಿತು. ಯೋಯ್ನೆ ಮೊರವನ್ನು ಸದ್ದಾಗದ ಹಾಗೆ ಕೆಳಗಿಟ್ಟು ಹೊರಗೆ ಬಂದ.

ಮನೆಗೆ ಹೋಗುವ ದಾರಿ ಸೇತುವೆ ದಾಟಿ, ಬೀಗದವನ ಬೀದಿಯ ಮೇಲೆ ಹಾಯುತ್ತಿತ್ತು. ಸೂರ್ಯ ಆಗಷ್ಟೇ ಮುಳುಗಿದ್ದ. ಸೇತುವೆಯ ಮೇಲೆ ಅವನು ನಿಂತು ಕೆಳಗೆ ನೋಡಿದ. ಹುಟ್ಟಿದಂದಿನಿಂದ ದಿನಾ ದಾಟಿದ ಸೇತುವೆ. ಕರಿನೀರೂ ಬಿಳಿನೀರೂ ಒಂದೇ ಪಾತ್ರದಲ್ಲಿ ಪಕ್ಕಪಕ್ಕದಲ್ಲಿ, ಒಂದಕ್ಕೊಂದು ತಾಗಿಕೊಂಡು ಬಹಳ ದೂರ ಹಾಗೆಯೇ ಹರಿದುಹೋಗುತ್ತಿದ್ದವು. ಅವನು ಅದನ್ನು ನೋಡುತ್ತ ಸುಮಾರು ಹೊತ್ತು ನಿಂತಿದ್ದ.

ಅಂದಿನಿಂದ ಯೋಯ್ನೆಯ ಕುಚೋದ್ಯ ನಿಂತಿತು ಎಂದು ಕೆಲವರು ಹೇಳುತ್ತಾರೆ. ಸುಳ್ಳು. ನಾಲಿಗೆ ಹಾಗೇ ಇತ್ತು. ಆದರೆ ಹಂಡೆಗೆ ನೀರು ಬೆರೆಸುವ ಮೊದಲು, ಯಾರಿಗೂ ಕೇಳಿಸದಂತೆ, ಗುರುಗಳ ಆ ಒಂದು ಮಾತನ್ನು ಹೇಳಿಕೊಳ್ಳತೊಡಗಿದ. ಸಾಯುವ ದಿನದವರೆಗೂ ಬಿಡಲಿಲ್ಲ. ಕಾರಣ ಕೇಳಿದವರಿಗೆ ತಾನು ಆ ಸಂಜೆ ಬೀಗದವನ ಬಾಗಿಲಲ್ಲಿ ಕಂಡದ್ದನ್ನು ಹೇಳುತ್ತಿದ್ದ. ಅವನು ಹೇಳಿದ್ದರಿಂದಲೇ ಈ ಪ್ರಸಂಗ ನಮ್ಮವರೆಗೆ ಬಂದದ್ದು.

ಫೈವಿಶ್ ಮನೆಯ ಹೊಸ್ತಿಲಲ್ಲಿ ಮೊಣಕಾಲೂರಿ ಕೂತಿದ್ದನಂತೆ. ಬೆಳಿಗ್ಗೆ ತಾನೇ ಕೂರಿಸಿದ ಹೊಸ ಬೀಗವನ್ನು, ಅದರ ಒಂದೇ ಕೀಲಿಯಿಂದ ತೆರೆದು ಒಳಗೆ ಹೋಗದೆ, ಬಿಚ್ಚುತ್ತಿದ್ದ. ಹಳೆಯ ಬೀಗ ಪಕ್ಕದಲ್ಲಿ ನೆಲದ ಮೇಲಿತ್ತು, ಅದರ ಎರಡು ಕೀಲಿಗಳೂ ಇದ್ದವು. ಎಷ್ಟು ಗಟ್ಟಿಯಾಗಿ ತಿರುಪು ಬಿಗಿದಿದ್ದನೆಂದರೆ ಅವನ ಕೈಗೇ ಅದು ಬರುತ್ತಿರಲಿಲ್ಲ. ಪೆಸ್ಯಾ ಪಕ್ಕದ ಮನೆಯಿಂದ ದೀಪ ತಂದು ಹಿಡಿದು ನಿಂತಿದ್ದಳು. ಅವಳೂ ಸುಮ್ಮನೆ ನಿಂತಿರಲಿಲ್ಲ. ಬಾಗಿಲಿಗೆ ಬಂದ ಒಬ್ಬ ಮುದುಕಿಯನ್ನು ಒಂದು ಗಳಿಗೆ ಕಾಯಮ್ಮ, ಒಳಗೆ ಹೋಗುತ್ತಲೇ ಏನಾದರೂ ಕೊಡುತ್ತೇನೆ ಎಂದು ಕೂರಿಸಿಕೊಂಡಿದ್ದಳು. ಅವನು ಅದನ್ನು ಕೇಳಿ ಗೊಣಗುತ್ತಿದ್ದ. ಯಾರೂ ಉಗುರುಬೆಚ್ಚಗಾಗಿರಲಿಲ್ಲ.

ಆಮೇಲೆ ತಿರುಪುಳಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ತಲೆಯೆತ್ತದೆ, ಅವನು ಹೇಳಿದನಂತೆ:

"ಮಿರ್ಲಾಳ ಅಮ್ಮಾ, ದೀಪ ಸ್ವಲ್ಪ ಈ ಕಡೆ ಹಿಡಿ."